ಸೇತುವೆ ಮುರಿದರೆ ಹೊಣೆ ಯಾರದು?

ಕಾರವಾರ ಪಟ್ಟಣದ ಉತ್ತರದ ಅಂಚಿನಲ್ಲಿ, ಕಾಳೀ ನದಿಯು ಅರಬ್ಬೀ ಸಮುದ್ರವನ್ನು ಕೂಡುವೆಡೆಯಲ್ಲಿ ಕೋಡಿಬಾಗವಿದೆ. ಈಚೆಯ ದಂಡೆಯಲ್ಲಿ ತೆಂಗಿನ ಮರಗಳು, ಮೀನುಗಾರರ ಮನೆಗಳು. ಆಚೆಯ ದಂಡೆಯಲ್ಲಿ ಸದಾಶಿವಗಡದ ಗುಡ್ಡ. ನಡುವೆ ನದಿಯೆಲ್ಲಿ ಮುಗಿಯಿತು, ಸಮುದ್ರವೆಲ್ಲಿ ತೊಡಗಿತು ಎಂದು ಹೇಳಲಾಗದ ವಿಶಾಲವಾದ ನೀರು. ರವೀಂದ್ರನಾಥ ಠಾಕೂರರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಕಾಲದಲ್ಲಿ ತರುಣ ಕವಿಯು ಈ ನದಿಯಲ್ಲಿ ಬೆಳುದಿಂಗಳಿನ ದೋಣಿಯ ವಿಹಾರವನ್ನು ಮಾಡಿದುದುಂಟು. ಕವಿಗೆ ದೋಣಿ ವಿಹಾರ. ಆದರೆ ದಂಡೆಯ ಜನಕ್ಕೆ ಅದೇ ನಿತ್ಯದ ದಾರಿ. ಸದಾಶಿವಗಡದವನು ಕಾರವಾರದ ಪೇಟೆಗೆ, ಕಚೇರಿಗೆ, ಆಸ್ಪತ್ರೆಗೆ ಬರಬೇಕಾದರೆ ಕೋಡಿಬಾಗದ ತಾರಿಯನ್ನೇ ನಂಬಬೇಕಾಗಿತ್ತು. ಮಳೆಗಾಲದ ಪ್ರವಾಹದಲ್ಲಿ ಆ ನಂಬಿಕೆಗೂ ಒಂದು ಮಿತಿಯಿತ್ತು.

1980ರ ದಶಕದಲ್ಲಿ ಸೇತುವೆ ಬಂದಿತು. ಎರಡು ದಂಡೆಗಳು ಒಂದಾದುವು. ಮುಂದೆ ಪನವೇಲದಿಂದ ಕನ್ಯಾಕುಮಾರಿಯವರೆಗಿನ ಕರಾವಳಿಯ ಹೆದ್ದಾರಿಯನ್ನು (ಹಿಂದೆ ಅದರ ಸಂಖ್ಯೆ 17, ಈಗ 66) ಅಗಲಗೊಳಿಸುವಾಗ ಹಳೆಯ ಸೇತುವೆಯ ಮಗ್ಗುಲಲ್ಲಿಯೇ ಹೊಸದೊಂದನ್ನು ಕಟ್ಟಿದರು. ಹಳೆಯದನ್ನು ಕೆಡವಲಿಲ್ಲ. ಹೋಗುವವರಿಗೆ ಒಂದು, ಬರುವವರಿಗೆ ಇನ್ನೊಂದು ಎಂದು ಎರಡನ್ನೂ ಬಳಕೆಯಲ್ಲಿಟ್ಟರು.

2024ನೆಯ ಇಸವಿಯ ಆಗಸ್ಟ್ 7, ಬುಧವಾರ. ನಡುರಾತ್ರಿ ಕಳೆದು ಒಂದು ಗಂಟೆಯ ಸುಮಾರು. ಲಾರಿಯೊಂದು ಹಳೆಯ ಸೇತುವೆಯನ್ನು ದಾಟುತ್ತಿದ್ದಾಗಲೇ ಸೇತುವೆಯ ಅಂಕಣಗಳು ಮುರಿದು ನದಿಗೆ ಬಿದ್ದುವು. ಲಾರಿಯೂ ನೀರಿನ ಪಾಲಾಯಿತು. ಚಾಲಕನು ಹೇಗೋ ಹೊರಬಂದು, ಮುಳುಗುತ್ತಿದ್ದ ಲಾರಿಯ ನೆತ್ತಿಯನ್ನೇರಿ ಕುಳಿತನು. ಪೋಲೀಸರೂ ಮೀನುಗಾರರೂ ಹೋಗಿ ಅವನನ್ನು ದಡ ಸೇರಿಸಿದರು. ಸೇತುವೆಯಿದ್ದಾಗ ಯಾರಿಗೂ ನೆನಪಾಗದ ದೋಣಿ, ಸೇತುವೆ ಬಿದ್ದ ರಾತ್ರಿ ಒಂದು ಜೀವವನ್ನುಳಿಸಿತು. ಇದೇ ಕುಸಿತವು ಬೆಳಗಿನ ಒಂಬತ್ತು ಗಂಟೆಗೆ, ಶಾಲೆಯ ಮಕ್ಕಳೂ ಬಸ್ಸುಗಳೂ ಹೋಗುವ ವೇಳೆಗೆ ಆಗಿದ್ದರೆ ಎಂಬುದನ್ನು ಊಹಿಸಲೂ ಮನಸ್ಸು ಅಂಜುತ್ತದೆ.

ಇದಕ್ಕೆ ಸರಿಯಾಗಿ 22 ದಿನಗಳ ಹಿಂದೆ, ಜುಲೈ 16ರಂದು, ಅದೇ ಹೆದ್ದಾರಿಯ ಮೇಲೆ, ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡವು ಜರಿದಿತ್ತು. ರಸ್ತೆಯ ಬದಿಯ ಚಹದಂಗಡಿ, ಅಲ್ಲಿ ನಿಂತಿದ್ದ ವಾಹನಗಳು, ಮನುಷ್ಯರು, ಎಲ್ಲವೂ ಮಣ್ಣಿನಡಿಗೂ ಗಂಗಾವಳಿಯ ಹೊಳೆಗೂ ಹೋದುವು. ಹನ್ನೊಂದು ಜನರನ್ನು ಆ ದುರಂತವು ಕೊಂಡೊಯ್ದಿತು. ಕೇರಳದ ಲಾರಿಚಾಲಕನೊಬ್ಬನ ದೇಹವು ಅವನ ಲಾರಿಯೊಡನೆ ಹೊಳೆಯ ತಳದಿಂದ ಮೇಲೆ ಬಂದುದು ಸೆಪ್ಟೆಂಬರ್ 25ರಂದು, ಎಪ್ಪತ್ತು ದಿನಗಳು ಕಳೆದ ಮೇಲೆ. ಹೆದ್ದಾರಿಗಾಗಿ ಗುಡ್ಡವನ್ನು ಕಡಿದ ರೀತಿಯೇ ಇದಕ್ಕೆ ಕಾರಣವೆಂಬ ಆರೋಪವು ಜಿಲ್ಲೆಯಾದ್ಯಂತ ಕೇಳಿಬಂದಿತು.

ಕೋಡಿಬಾಗದ ಸೇತುವೆ ಬಿದ್ದ ಮೇಲೆ ಕಾರವಾರದ ಪೋಲೀಸರು ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಮೇಲೂ, ಹೆದ್ದಾರಿಯ ಗುತ್ತಿಗೆಯನ್ನು ಹಿಡಿದಿರುವ ಐ.ಆರ್.ಬಿ. ಕಂಪನಿಯ ಮೇಲೂ ಮೊಕದ್ದಮೆಯನ್ನು ದಾಖಲಿಸಿದರು. ದಾಖಲಾದುದು ಆರೋಪ, ಆರೋಪವು ತೀರ್ಪಲ್ಲ. ಯಾರು ತಪ್ಪಿತಸ್ಥರೆಂಬುದನ್ನು ನಿರ್ಣಯಿಸುವುದು ನ್ಯಾಯಾಲಯದ ಕೆಲಸವೇ ಹೊರತು ಪತ್ರಿಕೆಯ ಪುಟದ್ದಲ್ಲ. ಆದರೆ ಆ ದಿನಗಳಲ್ಲಿ ಪ್ರತಿಯೊಬ್ಬರ ಬಾಯಲ್ಲಿಯೂ ಬಂದ ಪ್ರಶ್ನೆಯೊಂದನ್ನು ವಿಚಾರಿಸಲು ನಮಗೆ ಅಡ್ಡಿಯಿಲ್ಲ. ಸೇತುವೆಯನ್ನು ಕಟ್ಟಿದವರು ಒಬ್ಬರು, ಕಟ್ಟಿಸಿದವರು ಇನ್ನೊಬ್ಬರು, ಅದನ್ನು ನೋಡಿಕೊಳ್ಳಬೇಕಾದವರು ಮತ್ತೊಬ್ಬರು, ಸುಂಕ ತೆರುವವರು ನಾವು. ಹಾಗಾದರೆ ಸೇತುವೆ ಮುರಿದರೆ ಹೊಣೆ ಯಾರದು?

ಎರಡು ಬಗೆಯ ಗುತ್ತಿಗೆ

ಸರಕಾರಿ ಗುತ್ತಿಗೆಯೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಲೋಕೋಪಯೋಗಿ ಇಲಾಖೆಯ ಹಳೆಯ ಪದ್ಧತಿ. ಟೆಂಡರು ಕರೆಯುವುದು, ಕಡಿಮೆ ದರ ಬರೆದವನಿಗೆ ಕೆಲಸವನ್ನು ಕೊಡುವುದು, ಠೇವಣಿಯನ್ನು ಇರಿಸಿಕೊಳ್ಳುವುದು, ಇಂಜಿನಿಯರರು ಬಂದು ಅಳತೆ ಪುಸ್ತಕದಲ್ಲಿ ಬರೆದಷ್ಟಕ್ಕೆ ಬಿಲ್ಲು ಪಾಸಾಗುವುದು, ಕೆಲಸ ಮುಗಿದ ಮೇಲೆ ಗೊತ್ತಾದ ಕೆಲವು ಕಾಲದವರೆಗೆ ಕಂಡುಬಂದ ದೋಷವನ್ನು ಗುತ್ತಿಗೆದಾರನೇ ತನ್ನ ಖರ್ಚಿನಲ್ಲಿ ತಿದ್ದಿಕೊಡುವುದು. ಆ ಅವಧಿ ಕಳೆದ ಮೇಲೆ ಗುತ್ತಿಗೆದಾರನು ತನ್ನ ಠೇವಣಿಯನ್ನು ಹಿಂದಕ್ಕೆ ಪಡೆದು ಹೊರಟುಹೋಗುತ್ತಾನೆ. ರಸ್ತೆಯೂ ಸೇತುವೆಯೂ ಇಲಾಖೆಯವೇ. ಅವುಗಳ ಯೋಗಕ್ಷೇಮವೂ ಇಲಾಖೆಯದೇ.

ಕರಾವಳಿಯ ಹೆದ್ದಾರಿಯ ಗುತ್ತಿಗೆಯು ಈ ಬಗೆಯದಲ್ಲ. 1956ರ ರಾಷ್ಟ್ರೀಯ ಹೆದ್ದಾರಿಗಳ ಕಾನೂನಿಗೆ 1995ರಲ್ಲಿ ಒಂದು ತಿದ್ದುಪಡಿಯಾಯಿತು. ಖಾಸಗಿಯವರು ಸರಕಾರದೊಡನೆ ಒಪ್ಪಂದ ಮಾಡಿಕೊಂಡು ಹೆದ್ದಾರಿಯನ್ನು ಕಟ್ಟಬಹುದು, ನಿರ್ವಹಿಸಬಹುದು, ಅದಕ್ಕೆ ಪ್ರತಿಯಾಗಿ ಸುಂಕವನ್ನು ಎತ್ತಿ ತಾವೇ ಇಟ್ಟುಕೊಳ್ಳಬಹುದು ಎಂಬುದು ಅದರ ತಿರುಳು. ಗೋವೆಯ ಗಡಿಯಿಂದ ಕುಂದಾಪುರದವರೆಗಿನ ಸುಮಾರು 190 ಕಿಲೋಮೀಟರುಗಳ ಭಾಗವನ್ನು ಹೀಗೆ ಕೊಡಲಾಯಿತು. 2014ರಿಂದ ತೊಡಗಿ 28 ವರ್ಷಗಳ ಅವಧಿ. ಕಂಪನಿಯು ಬಂಡವಾಳವನ್ನೂ ಸಾಲವನ್ನೂ ಹೂಡಿ ಕಟ್ಟಬೇಕು, ಕಟ್ಟಿದುದನ್ನು ಕಾಪಾಡಬೇಕು, ಅಂಕೋಲೆಯ ಹಟ್ಟಿಕೇರಿಯಂಥ ಟೋಲ್ ನಾಕೆಗಳಲ್ಲಿ ಸುಂಕವನ್ನೆತ್ತಿ ಹಾಕಿದ ಹಣವನ್ನು ಹಿಂದಕ್ಕೆ ಪಡೆಯಬೇಕು, ಅವಧಿ ಮುಗಿದಾಗ ಎಲ್ಲವನ್ನೂ ಸುಸ್ಥಿತಿಯಲ್ಲಿ ಸರಕಾರಕ್ಕೆ ಒಪ್ಪಿಸಬೇಕು.

ಇಂಥ ಒಪ್ಪಂದಗಳಿಗೆ ಒಂದು ಮಾದರಿ ಕರಡು ಇದೆ. ನೂರಾರು ಪುಟಗಳ ಆ ಕರಡನ್ನು ಓದಿದವರಿಗೆ ಒಂದು ಸಂಗತಿ ಮನವರಿಕೆಯಾಗುತ್ತದೆ: ನಿಯಮಗಳ ಬರಗಾಲ ನಮ್ಮಲ್ಲಿಲ್ಲ. ರಸ್ತೆಯ ಹೊಂಡವನ್ನು ಎಷ್ಟು ಹೊತ್ತಿನೊಳಗೆ ಮುಚ್ಚಬೇಕು, ಸೇತುವೆಯ ಯಾವ ಅಂಗದ ದೋಷವನ್ನು ಎಷ್ಟು ದಿನಗಳೊಳಗೆ ಸರಿಪಡಿಸಬೇಕು ಎಂಬುದಕ್ಕೆ ಪಟ್ಟಿಯಿದೆ. ಪ್ರಾಧಿಕಾರಕ್ಕೂ ಕಂಪನಿಗೂ ನಡುವೆ ನಿಂತು ನೋಡಲು ‘ಸ್ವತಂತ್ರ ಇಂಜಿನಿಯರ’ನೆಂಬ ಮೂರನೆಯವನಿದ್ದಾನೆ. ಸುರಕ್ಷತೆಯ ಪರೀಕ್ಷೆಗೆ, ವಿಮೆಗೆ, ತಪ್ಪಿದರೆ ತೆರಬೇಕಾದ ದಂಡಕ್ಕೆ, ಎಲ್ಲಕ್ಕೂ ಕಲಮುಗಳಿವೆ. ಆದರೆ ನಿಯಮಗಳು ಹೆಚ್ಚಿದಂತೆಲ್ಲ ಒಂದು ಅಪಾಯವೂ ಹೆಚ್ಚುತ್ತದೆ. ಹೊಣೆಯು ಮೂವರಲ್ಲಿ ಹಂಚಿಹೋದಾಗ, ಕಂಪನಿಯು ಇಂಜಿನಿಯರನ ಕಡೆಗೂ, ಇಂಜಿನಿಯರನು ಪ್ರಾಧಿಕಾರದ ಕಡೆಗೂ, ಪ್ರಾಧಿಕಾರವು ಕಂಪನಿಯ ಕಡೆಗೂ ಕೈತೋರಿಸಲು ಅವಕಾಶವಾಗುತ್ತದೆ. ಏಳು ಜನ ಕಾಯುವ ಮನೆಯಲ್ಲಿ ಹಾಲು ಉಕ್ಕಿಹೋಗುವುದು ಹೀಗೆಯೇ.

ಕೆರೆಯ ಶಾಸನಗಳು ಹೇಳುವ ಮಾತು

ಕಟ್ಟಿದವನಿಗೆ ಅದರ ಉತ್ಪನ್ನದಲ್ಲಿ ಪಾಲು ಕೊಡುವುದು ಇಂದಿನವರ ಹೊಸ ಸೃಷ್ಟಿಯೆಂದು ಭಾವಿಸಬೇಕಾಗಿಲ್ಲ. ಕನ್ನಡ ಶಾಸನಗಳನ್ನು ತಿರುವಿಹಾಕಿದವರಿಗೆ ‘ಕಟ್ಟುಕೊಡಗೆ’, ‘ಕೆರೆಗೊಡಗೆ’, ‘ಬಿತ್ತುವಟ’ ಎಂಬ ಶಬ್ದಗಳು ಚಿರಪರಿಚಿತ. ಕೆರೆಯನ್ನು ಕಟ್ಟಿಸಿದವನಿಗೆ, ಒಡೆದುದನ್ನು ದುರಸ್ತಿ ಮಾಡಿದವನಿಗೆ, ಅದನ್ನು ಸುಸ್ಥಿತಿಯಲ್ಲಿಟ್ಟವನಿಗೆ ಆ ಕೆರೆಯ ನೀರಿನಿಂದಲೇ ಬೆಳೆಯುವ ಭೂಮಿಯಲ್ಲಿ ಒಂದು ಪಾಲನ್ನು ಬಿಡುತ್ತಿದ್ದರು. ಏರಿಗೆ ಮಣ್ಣು ಹಾಕುವುದಕ್ಕೂ ಹೂಳು ತೆಗೆಯುವುದಕ್ಕೂ ಬಂಡಿಗಳನ್ನು, ಕೋಣಗಳನ್ನು ಇಡಲು ದತ್ತಿ ಬಿಟ್ಟ ಶಾಸನಗಳೂ ಇವೆ.

ಈ ಏರ್ಪಾಟಿನ ಜಾಣ್ಮೆಯನ್ನು ಗಮನಿಸಬೇಕು. ಏರಿ ಒಡೆದರೆ ನೀರಿಲ್ಲ, ನೀರಿಲ್ಲದಿದ್ದರೆ ಬೆಳೆಯಿಲ್ಲ, ಬೆಳೆಯಿಲ್ಲದಿದ್ದರೆ ಪಾಲೂ ಇಲ್ಲ. ಕೆರೆಯನ್ನು ಕಾಯುವವನ ಊಟವೇ ಕೆರೆಯ ಏರಿಗೆ ಕಟ್ಟಿಬಿದ್ದಿತ್ತು. ಫಲವನ್ನುಣ್ಣುವವನು ಮರವನ್ನು ಕಾಯಬೇಕೆಂಬ ನೀತಿಯು ಅಲ್ಲಿ ಉಪದೇಶವಾಗಿರಲಿಲ್ಲ, ವ್ಯವಹಾರವಾಗಿತ್ತು.

ಇಂದಿನ ಸುಂಕದ ಗುತ್ತಿಗೆಯಲ್ಲಿ ಈ ಗಂಟು ಅಷ್ಟು ಬಿಗಿಯಾಗಿಲ್ಲ. ರಸ್ತೆಯ ಕೆಲಸವು ನೂರಕ್ಕೆ 75ರಷ್ಟು ಮುಗಿದರೆ ತಾತ್ಕಾಲಿಕ ಪ್ರಮಾಣಪತ್ರವನ್ನು ಪಡೆದು ಸುಂಕವನ್ನೆತ್ತಲು ತೊಡಗಬಹುದು. ಉಳಿದ ಕಾಲುಭಾಗ ಯಾವ ಊರಿನ ಪಾಲಿಗೆ ಬರುತ್ತದೆಯೋ ಆ ಊರಿನವರು ಧೂಳು ಕುಡಿಯುತ್ತ, ತಿರುವುಗಳಲ್ಲಿ ಜೀವ ಹಿಡಿದುಕೊಂಡು ಹೋಗುತ್ತ, ಮುಂದಿನ ನಾಕೆಯಲ್ಲಿ ಸುಂಕವನ್ನೂ ತೆರಬೇಕು. ಕರಾವಳಿಯ ಜನರ ಅಸಮಾಧಾನದ ಬೇರು ಇಲ್ಲಿದೆ.

ಗಡಿಯಾರದ ಗೋಪುರದ ಮೊಕದ್ದಮೆ

ಹಾಗಾದರೆ ಕಾನೂನು ಏನು ಹೇಳುತ್ತದೆ? ಇದಕ್ಕೆ ನಾವು ಕಾಳಿಯ ದಂಡೆಯನ್ನು ಬಿಟ್ಟು ದೆಹಲಿಯ ಚಾಂದನೀ ಚೌಕಕ್ಕೆ ಹೋಗಬೇಕು. ಅಲ್ಲಿ ಹೆದ್ದಾರಿಯ ಬದಿಯಲ್ಲಿ, ಪುರಸಭೆಗೆ ಸೇರಿದ ಗಡಿಯಾರದ ಗೋಪುರವೊಂದಿತ್ತು. ಒಂದು ದಿನ ಅದು ಕುಸಿದುಬಿದ್ದು, ಕೆಳಗೆ ದಾರಿ ನಡೆಯುತ್ತಿದ್ದವರು ಸತ್ತರು. ಸತ್ತವರ ಮನೆಯವರು ಪರಿಹಾರಕ್ಕಾಗಿ ದಾವೆ ಹೂಡಿದರು. ಪುರಸಭೆಯ ವಾದವು ಸರಳವಾಗಿತ್ತು: ಗೋಪುರದ ಹೊರಗೆ ಯಾವ ಬಿರುಕೂ ಕಾಣುತ್ತಿರಲಿಲ್ಲ, ಒಳಗಿನ ದೋಷ ನಮಗೆ ಗೊತ್ತಿರಲಿಲ್ಲ, ಗೊತ್ತಿಲ್ಲದುದಕ್ಕೆ ನಾವು ಹೊಣೆಯಲ್ಲ.

ಮೊಕದ್ದಮೆಯು ಸುಪ್ರೀಂ ಕೋರ್ಟಿನವರೆಗೆ ಹೋಗಿ 1966ರಲ್ಲಿ ಇತ್ಯರ್ಥವಾಯಿತು. ಗೋಪುರಕ್ಕೆ ಸುಮಾರು 80 ವರ್ಷ ವಯಸ್ಸಾಗಿತ್ತು. ಅದಕ್ಕೆ ಬಳಸಿದ ಗಾರೆಯ ಆಯುಷ್ಯವೋ 40–45 ವರ್ಷಗಳು ಮಾತ್ರ. ಹೀಗಿರುವಾಗ ತಜ್ಞರಿಂದ ಆಗಾಗ ಪರೀಕ್ಷೆ ಮಾಡಿಸುವುದು ಪುರಸಭೆಯ ಕರ್ತವ್ಯವಾಗಿತ್ತು. ಅದನ್ನು ಮಾಡಿಸಿದುದಕ್ಕೆ ಪುರಾವೆಯಿರಲಿಲ್ಲ. ಹೆದ್ದಾರಿಯ ಬದಿಯಲ್ಲಿ ಕಟ್ಟಡವನ್ನಿಟ್ಟವನು ದಾರಿಹೋಕರಿಗೆ ಅದರಿಂದ ಅಪಾಯವಾಗದಂತೆ ನೋಡಿಕೊಳ್ಳಬೇಕು. ದೋಷವು ಕಣ್ಣಿಗೆ ಕಾಣುವಂಥದೋ ಒಳಗೆ ಅಡಗಿದುದೋ ಎಂಬುದು ಮುಖ್ಯವಲ್ಲ ಎಂದು ನ್ಯಾಯಾಲಯವು ನಿರ್ಣಯಿಸಿತು. ಪುರಸಭೆಯು ಪರಿಹಾರ ತೆರಬೇಕಾಯಿತು.

ಈ ತೀರ್ಪಿನಲ್ಲಿ ಎರಡು ತತ್ತ್ವಗಳಿವೆ. ಒಂದು, ಸುಸ್ಥಿತಿಯಲ್ಲಿದ್ದರೆ ಬೀಳಬಾರದ ವಸ್ತು ಬಿದ್ದರೆ, ಬಿದ್ದುದೇ ಅಜಾಗರೂಕತೆಯ ಸಾಕ್ಷಿ. ಜಾಗರೂಕರಾಗಿದ್ದೆವೆಂದು ತೋರಿಸಿಕೊಡುವ ಭಾರವು ಅದನ್ನು ಕಾಯಬೇಕಾದವರ ಮೇಲೆ ಬೀಳುತ್ತದೆ. ಎರಡು, ನೋಡದೆ ಇದ್ದವನು ‘ನನಗೆ ಕಾಣಲಿಲ್ಲ’ ಎನ್ನುವಂತಿಲ್ಲ. ದಾರಿಹೋಕನು ಯಾವ ಕರಾರಿಗೂ ಸಹಿ ಮಾಡಿದವನಲ್ಲ. ಪ್ರಾಧಿಕಾರವೂ ಕಂಪನಿಯೂ ತಮ್ಮತಮ್ಮೊಳಗೆ ಹೊಣೆಯನ್ನು ಹೇಗೆ ಹಂಚಿಕೊಂಡಿದ್ದಾರೆ ಎಂಬುದು ಅವರವರ ಲೆಕ್ಕಾಚಾರ. ಒಬ್ಬನು ತೆತ್ತುದನ್ನು ಇನ್ನೊಬ್ಬನಿಂದ ವಸೂಲು ಮಾಡಿಕೊಳ್ಳಲಿ. ಆದರೆ ನೀರಿಗೆ ಬಿದ್ದವನಿಗೆ ಆ ಕಾಗದವನ್ನು ತೋರಿಸಿ ಮನೆಗೆ ಕಳುಹಿಸುವಂತಿಲ್ಲ.

ಇದು ಪರಿಹಾರದ ಮಾತಾಯಿತು. ಶಿಕ್ಷೆಯ ಮಾತು ಬೇರೆ. 2024ರ ಜುಲೈ 1ರಿಂದ ಹಳೆಯ ಭಾರತೀಯ ದಂಡಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿತು. ಅಜಾಗರೂಕತೆಯಿಂದ ಸಾವನ್ನು ತಂದವನಿಗೆ ಹಿಂದೆ ಹೆಚ್ಚೆಂದರೆ 2 ವರ್ಷಗಳ ಸಜೆಯಿದ್ದುದು ಹೊಸ ಸಂಹಿತೆಯಲ್ಲಿ 5 ವರ್ಷಗಳಿಗೆ ಏರಿದೆ. ಶಿರೂರು, ಕೋಡಿಬಾಗಗಳೆರಡೂ ಈ ಬದಲಾವಣೆಯಾದ ಮೇಲಿನ ಘಟನೆಗಳು. ಆದರೆ ಕಂಪನಿಯನ್ನು ಸೆರೆಮನೆಗೆ ಹಾಕಲಾಗದು, ಅದಕ್ಕೆ ದಂಡವಷ್ಟೇ. ಮನುಷ್ಯನನ್ನು ಶಿಕ್ಷಿಸಬೇಕಾದರೆ ಯಾವ ದಿನ, ಯಾವ ಅಧಿಕಾರಿಯು, ಯಾವ ಕೆಲಸವನ್ನು ಮಾಡದೆ ಬಿಟ್ಟನೆಂಬುದನ್ನು ಸಂದೇಹಕ್ಕೆಡೆಯಿಲ್ಲದಂತೆ ಸಿದ್ಧಪಡಿಸಬೇಕು. ಪರಿಶೀಲನೆಯ ದಾಖಲೆಗಳು ಸರಿಯಾಗಿಲ್ಲದೆಡೆಯಲ್ಲಿ ಇದು ಸುಲಭವಲ್ಲ. ಮರವನ್ನು ಬಿಟ್ಟು ಎಲೆಯನ್ನು ಹಿಡಿದಂತೆ, ಮೇಲಿನವರು ತಪ್ಪಿಸಿಕೊಂಡು ಕೆಳಗಿನ ಸಣ್ಣ ನೌಕರನು ಸಿಕ್ಕಿಬೀಳುವುದೂ ಉಂಟು.

ಗುತ್ತಿಗೆದಾರನ ಅಳಲು

ಇಷ್ಟು ಹೇಳಿದ ಮೇಲೆ ಗುತ್ತಿಗೆದಾರನ ಮಾತನ್ನೂ ಕೇಳುವುದು ನ್ಯಾಯ. ಸರಕಾರದೊಡನೆ ವ್ಯವಹಾರ ಮಾಡುವುದೆಂದರೆ ಬೆಟ್ಟದೊಡನೆ ಕುಸ್ತಿ ಹಿಡಿದಂತೆ. ಕರಾರು ರಾಷ್ಟ್ರಪತಿಗಳ ಅಥವಾ ರಾಜ್ಯಪಾಲರ ಹೆಸರಿನಲ್ಲಿ, ಅಧಿಕಾರವುಳ್ಳವನ ಸಹಿಯಿಂದಲೇ ಆಗಬೇಕೆಂದು ಸಂವಿಧಾನದ 299ನೆಯ ಅನುಚ್ಛೇದ ಹೇಳುತ್ತದೆ. ಅಧಿಕಾರಿಯ ಬಾಯಿಮಾತನ್ನು ನಂಬಿ ಕೆಲಸ ಮಾಡಿದವನು ಬಿಲ್ಲಿಗಾಗಿ ಅಲೆಯಬೇಕಾಗುತ್ತದೆ.

ಇದಕ್ಕೊಂದು ಪ್ರಸಿದ್ಧ ನಿದರ್ಶನವಿದೆ. ಬಂಗಾಳದಲ್ಲಿ 1944ರಲ್ಲಿ, ಯುದ್ಧಕಾಲದ ಆಹಾರ ಪೂರೈಕೆಯ ಅವಸರದಲ್ಲಿ, ಅಧಿಕಾರಿಗಳ ಕೋರಿಕೆಯಂತೆ ಗುತ್ತಿಗೆದಾರರ ಸಂಸ್ಥೆಯೊಂದು ಉಗ್ರಾಣಗಳನ್ನೂ ರಸ್ತೆಯನ್ನೂ ಮಾಡಿಕೊಟ್ಟಿತು. ಸರಕಾರವು ಅವನ್ನು ಬಳಸಿಕೊಂಡಿತು. ಹಣ ಕೇಳಿದಾಗ, ವಿಧಿಪೂರ್ವಕವಾದ ಕರಾರೇ ಆಗಿಲ್ಲವೆಂದಿತು. ಸುಪ್ರೀಂ ಕೋರ್ಟು 1961ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು: ಕರಾರು ಸಿಂಧುವಲ್ಲದಿರಬಹುದು; ಆದರೆ ಧರ್ಮಾರ್ಥವಲ್ಲದೆ ಮಾಡಿದ ಕೆಲಸದ ಫಲವನ್ನು ಅನುಭವಿಸಿದವನು ಅದಕ್ಕೆ ತಕ್ಕ ಪ್ರತಿಫಲವನ್ನು ಕೊಡಬೇಕು; 1872ರ ಕರಾರು ಕಾನೂನಿನ 70ನೆಯ ಕಲಮು ಹೇಳುವುದು ಇದನ್ನೇ. ಗುತ್ತಿಗೆದಾರರಿಗೆ ನ್ಯಾಯ ದೊರೆಯಿತು, 17 ವರ್ಷಗಳು ಕಳೆದ ಮೇಲೆ!

ಇನ್ನು ಕಪ್ಪುಪಟ್ಟಿಯ ಭಯ. ಒಮ್ಮೆ ಹೆಸರು ಆ ಪಟ್ಟಿಗೆ ಹೋಯಿತೆಂದರೆ ಸರಕಾರದ ಬಾಗಿಲು ಮುಚ್ಚಿದಂತೆಯೇ. ಆದುದರಿಂದಲೇ ಹೇಳಿಕೊಳ್ಳಲು ಅವಕಾಶ ಕೊಡದೆ ಯಾರನ್ನೂ ಕಪ್ಪುಪಟ್ಟಿಗೆ ಸೇರಿಸಬಾರದೆಂದು 1974ರಲ್ಲಿ ಸುಪ್ರೀಂ ಕೋರ್ಟು ವಿಧಿಸಿತು. ಟೆಂಡರಿನಲ್ಲಿ ತಾನೇ ಹಾಕಿದ ಷರತ್ತನ್ನು ಸರಕಾರವು ತಾನೇ ಮುರಿಯಬಾರದೆಂದು 1979ರಲ್ಲಿ ಹೇಳಿತು. ನಮ್ಮ ರಾಜ್ಯದಲ್ಲಿ ಟೆಂಡರು ಕ್ರಮವನ್ನು ಪಾರದರ್ಶಕಗೊಳಿಸಲು 1999ರಲ್ಲಿ ಒಂದು ಕಾನೂನೇ ಆಯಿತು. ಇಷ್ಟಾದರೂ 2021ರಲ್ಲಿ ರಾಜ್ಯದ ಗುತ್ತಿಗೆದಾರರ ಸಂಘವು ಪ್ರಧಾನಮಂತ್ರಿಗಳಿಗೆ ಪತ್ರ ಬರೆದು, ಕೆಲಸದ ಮೊತ್ತದಲ್ಲಿ ನೂರಕ್ಕೆ 40ರಷ್ಟು ಲಂಚಕ್ಕೇ ಹೋಗುತ್ತಿದೆಯೆಂದು ಆರೋಪಿಸಿತು. ಅದರ ವಿಚಾರಣೆಗೆ 2023ರಲ್ಲಿ ನೇಮಕವಾದ ನ್ಯಾಯಮೂರ್ತಿ ಎಚ್. ಎನ್. ನಾಗಮೋಹನದಾಸ್ ಆಯೋಗವು 2025ರ ಮಾರ್ಚಿನಲ್ಲಿ ವರದಿಯನ್ನು ಸಲ್ಲಿಸಿತು. ಆರೋಪದ ಅಂಕೆ ಅದೆಷ್ಟೇ ಇರಲಿ, ಲಂಚಕ್ಕೆ ಹೋದ ಪ್ರತಿಯೊಂದು ರೂಪಾಯಿಯೂ ಸಿಮೆಂಟು, ಕಬ್ಬಿಣ, ಮೇಲ್ವಿಚಾರಣೆಗಳಿಂದಲೇ ಕಡಿತವಾಗಬೇಕೆಂಬುದನ್ನು ಹೇಳಲು ಆಯೋಗ ಬೇಕಿಲ್ಲ.

ಉತ್ತರ ಕನ್ನಡದ ಮಟ್ಟಿಗೆ ಇನ್ನೊಂದು ತೊಡಕೂ ಇದೆ. ಇಲ್ಲಿ ಸಮುದ್ರಕ್ಕೂ ಘಟ್ಟಕ್ಕೂ ನಡುವೆ ಇರುವುದು ಒಂದು ಕಿರಿದಾದ ಪಟ್ಟಿ. ಕೊಂಕಣ ರೈಲಿಗೂ, ಸೀಬರ್ಡ್ ನೌಕಾನೆಲೆಗೂ, ಹೆದ್ದಾರಿಗೂ ಭೂಮಿಯನ್ನು ಕೊಟ್ಟ ಜನ ಇವರು. ನೌಕಾನೆಲೆಗೆ ಮನೆ-ಮಠ ಬಿಟ್ಟವರು ಹೆಚ್ಚಿನ ಪರಿಹಾರಕ್ಕಾಗಿ ಸುಪ್ರೀಂ ಕೋರ್ಟಿನವರೆಗೂ ಹೋಗಬೇಕಾಯಿತು. ಹೀಗಿರುವಾಗ ಹೆದ್ದಾರಿಗೆ ಬೇಕಾದ ಭೂಮಿಯು ಹೊತ್ತಿಗೆ ಸರಿಯಾಗಿ ಕೈಸೇರದಿದ್ದರೆ ಆಶ್ಚರ್ಯವಿಲ್ಲ. ಭೂಮಿ ತಡವಾದರೆ ಕೆಲಸ ತಡ. ಕೆಲಸ ತಡವಾದರೆ ಸಾಲದ ಬಡ್ಡಿ ಏರುತ್ತದೆ. ಬಡ್ಡಿಯನ್ನು ಯಾರು ಹೊರಬೇಕೆಂಬುದು ಮಧ್ಯಸ್ಥರ ಮುಂದೆ ಬರುತ್ತದೆ. ಮಧ್ಯಸ್ಥರ ತೀರ್ಪನ್ನು ಪ್ರಶ್ನಿಸಿ ಮತ್ತೆ ಕೋರ್ಟು. ಇದರಿಂದ ಬೇಸತ್ತೋ ಏನೋ, ಸರಕಾರಿ ಖರೀದಿ ಮತ್ತು ಗುತ್ತಿಗೆಗಳಲ್ಲಿ 10 ಕೋಟಿ ರೂಪಾಯಿಗಳಿಗಿಂತ ಕಡಿಮೆ ಮೊತ್ತದ ವಿವಾದಗಳಿಗೆ ಮಾತ್ರ ಮಧ್ಯಸ್ಥಿಕೆಯನ್ನು ಸೀಮಿತಗೊಳಿಸುವುದು ಲೇಸೆಂದು ಕೇಂದ್ರದ ಹಣಕಾಸು ಇಲಾಖೆಯು 2024ರ ಜೂನಿನಲ್ಲಿ ಸೂಚಿಸಿತು.

ಈ ಅಳಲುಗಳಲ್ಲಿ ಸತ್ಯವಿದೆ. ಆದರೆ ಇವೆಲ್ಲ ಹಣದ ಮತ್ತು ಕಾಲದ ವ್ಯಾಜ್ಯಗಳು. ವ್ಯಾಜ್ಯವಿದೆಯೆಂದು ಸೇತುವೆಯ ಪರೀಕ್ಷೆಯನ್ನು ಮುಂದಕ್ಕೆ ಹಾಕಲಾಗದು. ತುಕ್ಕು ತೀರ್ಪಿಗಾಗಿ ಕಾಯುವುದಿಲ್ಲ.

ಉಪ್ಪುಗಾಳಿ ಮತ್ತು ಕಬ್ಬಿಣ

ಸಮುದ್ರದಂಡೆಯ ಸೇತುವೆಗೆ ಶತ್ರುಗಳು ಹೆಚ್ಚು. ಉಪ್ಪುಗಾಳಿಯೂ ಉಪ್ಪುನೀರೂ ಕಾಂಕ್ರೀಟಿನೊಳಗೆ ಮೆಲ್ಲಮೆಲ್ಲನೆ ಇಳಿದು ಒಳಗಿನ ಉಕ್ಕನ್ನು ಮುಟ್ಟುತ್ತವೆ. ಉಕ್ಕು ತುಕ್ಕಾದಾಗ ಅದರ ಗಾತ್ರ ಹಿಗ್ಗುತ್ತದೆ. ಹಿಗ್ಗಿದ ತುಕ್ಕು ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಬಿಗಿದ ಉಕ್ಕಿನ ತಂತಿಗಳ ಬಲದಿಂದ ನಿಲ್ಲುವ ಸೇತುವೆಗಳಲ್ಲಂತೂ ಆ ತಂತಿಗಳು ಹೊರಗಿನ ಕಣ್ಣಿಗೆ ಕಾಣುವುದೇ ಇಲ್ಲ. ಕಾರವಾರಕ್ಕೆ ನೆರೆಯ ಪಣಜಿಯಲ್ಲಿಯೇ ಇದರ ಪಾಠವಾಗಿತ್ತು. 1970ರಲ್ಲಿ ಸಂಚಾರಕ್ಕೆ ತೆರೆದ ಮಾಂಡವಿ ನದಿಯ ಸೇತುವೆಯು 1986ರ ಜುಲೈಯಲ್ಲಿ, ಕೇವಲ 16 ವರ್ಷಗಳಲ್ಲಿ, ಕುಸಿದುಬಿದ್ದಿತು.

ಇದೇ ಹೆದ್ದಾರಿಯ ಮೇಲೆ ಮಹಾರಾಷ್ಟ್ರದ ಮಹಾಡದಲ್ಲಿ, 2016ರ ಆಗಸ್ಟ್ 2ರ ಮಳೆಯ ರಾತ್ರಿ, ಸಾವಿತ್ರೀ ನದಿಯ ಮೇಲಿನ ಬ್ರಿಟಿಷರ ಕಾಲದ ಕಲ್ಲಿನ ಸೇತುವೆಯು ಕೊಚ್ಚಿಹೋಯಿತು. ಎರಡು ಸರಕಾರಿ ಬಸ್ಸುಗಳು ಪ್ರಯಾಣಿಕರೊಡನೆ ಹೊಳೆಯ ಪಾಲಾದುವು. ಅಲ್ಲಿಯೂ ಮಗ್ಗುಲಲ್ಲಿ ಹೊಸ ಸೇತುವೆಯಿದ್ದು, ಹಳೆಯದನ್ನು ಒಂದು ದಿಕ್ಕಿನ ಸಂಚಾರಕ್ಕೆ ಬಳಸುತ್ತಿದ್ದರು. ಆ ದುರಂತವಾದ ಎರಡು ತಿಂಗಳಿಗೆ, ದೇಶದ ಹೆದ್ದಾರಿಗಳ ಸೇತುವೆಗಳನ್ನೆಲ್ಲ ಎಣಿಸಿ, ಪ್ರತಿಯೊಂದರ ವಯಸ್ಸನ್ನೂ ಆರೋಗ್ಯವನ್ನೂ ಬರೆದಿಡುವ ‘ಭಾರತೀಯ ಸೇತುವೆ ನಿರ್ವಹಣಾ ವ್ಯವಸ್ಥೆ’ಯನ್ನು ಕೇಂದ್ರ ಸರಕಾರವು ಆರಂಭಿಸಿತು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂದು ನಕ್ಕುಬಿಡುವುದು ಸುಲಭ. ಹಾಕಿದ ಬಾಗಿಲಿಗೆ ಅಗಳಿಯಿತ್ತೇ ಎಂದು ಕೇಳುವುದು ಮುಖ್ಯ. ಎಂಟು ವರ್ಷಗಳ ಬಳಿಕ, ಅದೇ ತಿಂಗಳಲ್ಲಿ, ಅದೇ ಹೆದ್ದಾರಿಯಲ್ಲಿ ಕಾಳಿಯ ಸೇತುವೆ ಬಿದ್ದಿತು.

ಗುಜರಾತಿನ ಮೋರ್ಬಿಯ ತೂಗುಸೇತುವೆಯ ಕಥೆಯಂತೂ ಕರಾರಿನ ದೃಷ್ಟಿಯಿಂದಲೇ ಓದತಕ್ಕದ್ದು. 2022ರ ಅಕ್ಟೋಬರ್ 30ರಂದು ಅದು ಹರಿದುಬಿದ್ದು 135 ಜನ ಮಡಿದರು. ತನಿಖೆ ನಡೆಸಿದ ತಂಡವು ಒಂದು ಮುಖ್ಯ ಹಗ್ಗದ 49 ತಂತಿಗಳಲ್ಲಿ 22 ಮೊದಲೇ ತುಕ್ಕು ಹಿಡಿದಿದ್ದುವೆಂದು ಕಂಡಿತು. ಆ ಸೇತುವೆಯ ನಿರ್ವಹಣೆಯನ್ನು ಟೆಂಡರು ಕರೆಯದೆ, ಕೇವಲ ಒಂದೂವರೆ ಪುಟದ ಒಪ್ಪಂದದಿಂದ ಒಪ್ಪಿಸಿದ್ದುದು ಗುಜರಾತಿನ ಉಚ್ಚ ನ್ಯಾಯಾಲಯದ ಮುಂದೆ ಬಯಲಾಯಿತು. ಮೋರ್ಬಿಯಲ್ಲಿ ಒಂದೂವರೆ ಪುಟ; ಹೆದ್ದಾರಿಗೆ ನೂರಾರು ಪುಟ. ಪುಟಗಳು ಸೇತುವೆಯನ್ನು ಹೊರುವುದಿಲ್ಲ. ಕಂಬದ ಬುಡಕ್ಕೆ ಇಳಿದು ನೋಡುವ ಒಂದು ಜೊತೆ ಕಣ್ಣು, ನೋಡಿದುದನ್ನು ಬರೆಯುವ ಒಂದು ದಫ್ತರ, ಬರೆದುದನ್ನು ಓದಿ ಸಂಚಾರವನ್ನು ನಿಲ್ಲಿಸುವ ಧೈರ್ಯವುಳ್ಳ ಒಬ್ಬ ಅಧಿಕಾರಿ, ಈ ಮೂರು ಹೊರುತ್ತವೆ.

ಸುಂಕ ತೆರುವವನ ಹಕ್ಕು

ಸುಂಕ ತೆರುವವನಿಗೆ ಹಕ್ಕೇನೂ ಇಲ್ಲವೇ? ಇದೆಯೆಂದು ಕೇರಳದಿಂದ ಉತ್ತರ ಬಂದಿದೆ. ಎಡಪ್ಪಳ್ಳಿ–ಮಣ್ಣುತ್ತಿ ಹೆದ್ದಾರಿಯ ದುರವಸ್ಥೆಯನ್ನು ಕಂಡ ಕೇರಳದ ಉಚ್ಚ ನ್ಯಾಯಾಲಯವು 2025ರ ಆಗಸ್ಟ್ 6ರಂದು ಪಾಲಿಯೆಕ್ಕರದ ನಾಕೆಯಲ್ಲಿ ಸುಂಕ ವಸೂಲಿಯನ್ನು ತಡೆಹಿಡಿಯಿತು. ಪ್ರಾಧಿಕಾರವೂ ಕಂಪನಿಯೂ ಸುಪ್ರೀಂ ಕೋರ್ಟಿಗೆ ಹೋದುವು. ಗುಂಡಿಗಳಲ್ಲಿ ತಡವರಿಸುತ್ತ ಸಾಗುವುದಕ್ಕೆ ಪ್ರಜೆಯಿಂದ ಹಣ ಕೀಳಬಾರದೆಂಬ ಅಭಿಪ್ರಾಯದಿಂದ ಸುಪ್ರೀಂ ಕೋರ್ಟು ಅದೇ ತಿಂಗಳು ಅವರ ಮನವಿಯನ್ನು ತಳ್ಳಿಹಾಕಿತು. ಅಕ್ಟೋಬರಿನಲ್ಲಿ, ಷರತ್ತುಗಳೊಡನೆ, ವಸೂಲಿಯು ಮರಳಿ ಆರಂಭವಾಯಿತು. ಹಳೆಯ ಕೆರೆಯ ಶಾಸನಗಳ ಗಂಟು ಇದೇ ಅಲ್ಲವೇ? ಏರಿ ಒಡೆದರೆ ಪಾಲಿಲ್ಲ. ರಸ್ತೆ ಕೆಟ್ಟರೆ ಸುಂಕವಿಲ್ಲ.

ಪರದೇಶದಲ್ಲಿಯೂ ಈ ವಿಚಾರ ಎದ್ದಿದೆ. ಇಟಲಿಯ ಜೆನೋವಾ ನಗರದಲ್ಲಿ 2018ರ ಆಗಸ್ಟ್ 14ರಂದು ಸುಂಕದ ಹೆದ್ದಾರಿಯ ದೊಡ್ಡ ಸೇತುವೆ ಮುರಿದು 43 ಜನ ಸತ್ತಾಗ, ಹೆದ್ದಾರಿಯ ಕಂಪನಿಯು ಲಾಭವನ್ನೆತ್ತಿ ನಿರ್ವಹಣೆಯನ್ನು ಮರೆಯಿತೆಂಬ ಕೂಗು ಎದ್ದಿತು. ಕಂಪನಿಯ ಮತ್ತು ಸರಕಾರದ ಅಧಿಕಾರಿಗಳು ಹಲವರು ನ್ಯಾಯಾಲಯದ ಕಟಕಟೆಯೇರಬೇಕಾಯಿತು. ಸೇತುವೆ ಬಿದ್ದ ಊರು ಯಾವುದೇ ಇರಲಿ, ಪ್ರಶ್ನೆ ಒಂದೇ: ಕೊನೆಯ ಬಾರಿ ಅದನ್ನು ನೋಡಿದವರು ಯಾರು, ಅವರು ಏನೆಂದು ಬರೆದರು?

ಈ ಪ್ರಶ್ನೆಯನ್ನು ಸೇತುವೆ ಬೀಳುವ ಮೊದಲೇ ಕೇಳಲು ನಮಗೆ ದಾರಿಯಿದೆ. 2005ರ ಮಾಹಿತಿ ಹಕ್ಕಿನ ಕಾನೂನಿನಂತೆ ಹೆದ್ದಾರಿ ಪ್ರಾಧಿಕಾರಕ್ಕೆ ಹತ್ತು ರೂಪಾಯಿಯ ಶುಲ್ಕವನ್ನು ತೆತ್ತು ಯಾವ ಪ್ರಜೆಯೂ ಅರ್ಜಿ ಹಾಕಬಹುದು. ನಮ್ಮೂರಿನ ಸೇತುವೆಯನ್ನು ಕೊನೆಗೆ ಪರೀಕ್ಷಿಸಿದುದು ಯಾವ ತಾರೀಖಿನಂದು, ಸ್ವತಂತ್ರ ಇಂಜಿನಿಯರನು ಏನು ವರದಿ ಕೊಟ್ಟನು, ಹೇಳಿದ ದುರಸ್ತಿ ಆಯಿತೇ, ಆಗದಿದ್ದರೆ ಎಷ್ಟು ದಂಡ ವಿಧಿಸಲಾಯಿತು ಎಂಬ ನಾಲ್ಕು ಪ್ರಶ್ನೆಗಳು ಸಾಕು. ಪ್ರತಿಯೊಂದು ಪಂಚಾಯತಿಯೂ ಮಳೆಗಾಲಕ್ಕೆ ಮೊದಲು ತನ್ನ ಎಲ್ಲೆಯೊಳಗಿನ ಸೇತುವೆಗೂ, ಕಡಿದ ಗುಡ್ಡಕ್ಕೂ ಇಂಥ ಅರ್ಜಿಯೊಂದನ್ನು ಹಾಕಿದರೆ, ಕಚೇರಿಯ ದಫ್ತರದಲ್ಲಿ ಉತ್ತರವಿಲ್ಲದ ಜಾಗಗಳು ತಾವಾಗಿಯೇ ಬೆಳಕಿಗೆ ಬರುತ್ತವೆ. ಪ್ರಾಮಾಣಿಕನಾದ ಗುತ್ತಿಗೆದಾರನು ಇದಕ್ಕೆ ಅಂಜಬೇಕಾಗಿಲ್ಲ. ನಾಳೆ ಆರೋಪ ಬಂದಾಗ ಅವನನ್ನು ಕಾಯುವುದೂ ಅದೇ ದಫ್ತರ.

ಸೇತುವೆ ಮುರಿದರೆ ಹೊಣೆ ಯಾರದೆಂಬ ಪ್ರಶ್ನೆಗೆ ಉತ್ತರವು ಕರಾರಿನ ಯಾವುದೋ ಒಂದು ಕಲಮಿನಲ್ಲಿ ಅಡಗಿಲ್ಲ. ಸುಂಕವನ್ನು ಯಾರು ಎತ್ತುತ್ತಾರೋ ಅವರದು. ಎತ್ತಲು ಯಾರು ಅಪ್ಪಣೆ ಕೊಟ್ಟರೋ ಅವರದು. ನೋಡಿ ಬರೆಯಲು ಯಾರು ಸಂಬಳ ಪಡೆಯುತ್ತಾರೋ ಅವರದು. ಮೂವರೂ ಕೂಡಿಯೇ ಹೊಣೆಗಾರರೆಂದು ತಿಳಿದು ನಡೆದರೆ ಮಾತ್ರ, ಮಳೆಗಾಲದ ರಾತ್ರಿಯಲ್ಲಿ ಲಾರಿಯ ಚಾಲಕನು ಕೆಳಗಿನ ನೀರನ್ನು ನೆನೆಯದೆ ಆಚೆ ದಂಡೆಯನ್ನು ಸೇರಬಲ್ಲನು.